ಉಯುನಿ ಉಪ್ಪಿನ ಬಯಲು: ಫೆಬ್ರವರಿಯಲ್ಲಿ ಒಂದು ದಿನದ ಟೂರ್ ಸಾಕಾ?

ಫೆಬ್ರವರಿಯಲ್ಲಿ ಅಮ್ಮನ ಜೊತೆ ಬೊಲಿವಿಯಾದ ಉಯುನಿಗೆ ಹೋದರೆ ಕನ್ನಡಿಯಂಥ ನೀರು, ಕಳ್ಳಿ ಗಿಡಗಳ ದ್ವೀಪ ಎರಡೂ ಒಂದೇ ದಿನದಲ್ಲಿ ಸಿಗುತ್ತಾ ಅಂತ ಕೇಳಿದ್ದೀರಿ. ಎರಡೂ ಸಿಗೋದು ಕಷ್ಟ. ಅದು ಅಲ್ಲಿ ಮಳೆಗಾಲ, ಉಪ್ಪಿನ ಮೇಲೆ ತೆಳ್ಳಗೆ ನೀರು ನಿಂತು ಆಕಾಶವೆಲ್ಲ ಕಾಲಡಿ ಕಾಣುತ್ತದೆ, ಆದರೆ ನೀರು ಜಾಸ್ತಿಯಾದರೆ ಬಯಲಿನ ನಡುವಿನ ಇಂಕಾವಾಸಿ ದ್ವೀಪದ ತನಕ ಜೀಪ್ ಹೋಗುವುದಿಲ್ಲ. ದ್ವೀಪವೇ ಮುಖ್ಯವಾದರೆ ಜೂನ್ ನಂತರ ಹೋಗಿ. ನನ್ನನ್ನು ಕೇಳಿದರೆ ಕನ್ನಡಿಗೇ ನನ್ನ ವೋಟು.

ಒಂದು ದಿನ ಸಾಕು. ಹಳೇ ರೈಲುಗಳ ಸ್ಮಶಾನ, ಉಪ್ಪು ಸಂಸ್ಕರಿಸುವ ಕೊಲ್ಚಾನಿ ಹಳ್ಳಿ, ಆಮೇಲೆ ಬಯಲು. ಸೂರ್ಯಾಸ್ತದವರೆಗೂ ಇರುತ್ತಾರಾ ಅಂತ ಬುಕ್ ಮಾಡುವ ಮೊದಲೇ ಕೇಳಿ, ಬೇಗ ವಾಪಸ್ ಕರೆತರುವ ಟೂರ್ ಸುಮ್ನೆ ದಂಡ.

ಅಮ್ಮನ ವಿಷಯದಲ್ಲಿ ಮಾತ್ರ ಹುಷಾರು. ಎತ್ತರ ಸುಮಾರು 3,650 ಮೀಟರ್, ಲೇಹ್‌ಗಿಂತ ಜಾಸ್ತಿ. ಕೆಳಗಿನ ಊರಿಂದ ನೇರ ಹಾರಿ ಬಂದು ಮರುದಿನವೇ ಜೀಪ್ ಹತ್ತಬೇಡಿ. ಬೊಲಿವಿಯಾದ್ದೇ ಇನ್ನೊಂದು ನಗರ, 2,800 ಮೀಟರ್‌ನ ಸೂಕ್ರೆಯಲ್ಲಿ ಎರಡು ಮೂರು ದಿನ ಇದ್ದು ಬಂದರೆ ದೇಹಕ್ಕೆ ಸುಲಭ, ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಬಿಸಿಲು ಕೆಳಗಿಂದಲೂ ಹೊಡೆಯುತ್ತದೆ, ಗದ್ದದ ಅಡಿಗೂ ಸನ್‌ಸ್ಕ್ರೀನ್ ಬೇಕು, ಕಪ್ಪು ಕನ್ನಡಕ ಮರೆಯಬೇಡಿ. ಊಟಕ್ಕೆ ಲಾಮಾ ಮಾಂಸ ಕೊಡುವುದುಂಟು, ಸಸ್ಯಾಹಾರಿಗಳಾದರೆ ಹಿಂದಿನ ದಿನವೇ ಹೇಳಿಡಿ. ಶೌಚಾಲಯಕ್ಕೂ ದುಡ್ಡು ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.