ಗೋಡೌನ್ ಮನೆ ಮಾಡೋಕೆ ಯಾರನ್ನು ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಮನೆ ಹಿಂದಿನ ಗೋಡೌನ್, ಕಾರ್ ಶೆಡ್, ತೋಟದ ಕೆಲಸದವರಿಗೆ ಕಟ್ಟಿ ಈಗ ಖಾಲಿ ಬಿದ್ದ ಲೈನ್ ಮನೆ, ಇವನ್ನು ವಾಸದ ಮನೆ ಮಾಡಿಕೊಳ್ಳುವುದು ಹೇಗೆ ಅಂತ. ಹಾಗಾಗಿ ಪಾಲಿನ ಜಗಳದ ಪ್ರಶ್ನೆ ಕಳಿಸಿದವರು ಇನ್ನೊಂದು ತಿಂಗಳು ಕಾಯಬೇಕು. ಎಷ್ಟೋ ವರ್ಷ ಕಾದಿದ್ದೀರಿ, ಇದೊಂದು ತಿಂಗಳೇನು ಜಾಸ್ತಿ ಅಲ್ಲ ಅಲ್ವಾ?

ಪ್ರಶ್ನೆ: ಸರ್, ನಮ್ಮದು ಕೊಡಗಿನ ನಾಪೋಕ್ಲು ಕಡೆ 4 ಎಕರೆ ಕಾಫಿ ತೋಟ, ಜಮ್ಮ ಬಾಣೆ ಜಾಗ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದದ್ದು). ಮನೆಯ ಪಕ್ಕ ಕಾಫಿ ಒಣಗಿಸುವ ಕಣಕ್ಕೆ ತಾಗಿದ ಹಾಗೆ ಅಪ್ಪನ ಕಾಲದ ಗೋಡೌನ್ ಇದೆ, ಸುಮಾರು 600 ಚದರ ಅಡಿ. ಮಗ ಸೊಸೆ ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತೇವೆ ಅನ್ನುತ್ತಿದ್ದಾರೆ. ಅವರಿಗೆ ಇದನ್ನೇ ಒಂದು ಬೆಡ್‌ರೂಮಿನ ಮನೆ ಮಾಡಿ, ಮುಂದೆ ಅವರು ಹೋದರೆ ಬಾಡಿಗೆಗೆ ಕೊಡುವ ಯೋಚನೆ. ಪಂಚಾಯ್ತಿಯಲ್ಲಿ ಒಬ್ಬರು "ಗೋಡೆ, ಮಾಡು ಎಲ್ಲ ಇದೆಯಲ್ಲ, ಅನುಮತಿ ಯಾಕೆ" ಅಂದರು. ಪಕ್ಕದ ತೋಟದವರು ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಆದೇಶ) ಇಲ್ಲದೆ ಕೈ ಹಾಕಬೇಡಿ ಅನ್ನುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ನಿಮ್ಮ ಪ್ರಶ್ನೆಯಲ್ಲೇ ಎರಡು ಪ್ರಶ್ನೆ ಸೇರಿಕೊಂಡಿವೆ: ಮಗನಿಗೆ ಮನೆ ಒಂದು, ಬಾಡಿಗೆ ಇನ್ನೊಂದು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮಪ್ಪ ಆ ಗೋಡೌನ್ ಕಟ್ಟುವಾಗ ಯಾರೂ ಬಂದು ಕೇಳಲಿಲ್ಲ, ಯಾಕೆಂದರೆ ಅದು ಕಾಫಿ ಇಡುವ ಜಾಗ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಕೃಷಿಕನಿಗೆ ತನ್ನ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳುವ ಹಕ್ಕು ಕೊಟ್ಟಿದೆ. ಅಂದರೆ ವಿನಾಯಿತಿ ಸಿಕ್ಕಿದ್ದು ಗೋಡೆಗಲ್ಲ, ಒಳಗಿದ್ದ ಕಾಫಿ ಮೂಟೆಗೆ. ಮೂಟೆ ಹೊರಗೆ ಹೋಗಿ ಮಂಚ ಒಳಗೆ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದು ಇಟ್ಟಿಗೆ ಅಲ್ಲಾಡದಿದ್ದರೂ ಅಷ್ಟೇ.

ಈಗ ಮಗನ ವಿಷಯ. ಅದೇ ಕಲಂನಲ್ಲಿ ಫಾರ್ಮ್ ಹೌಸ್‌ಗೂ ಜಾಗ ಇದೆ. ಹಿಡುವಳಿಯ ಶೇ 10 ಮೀರದಂತೆ, ಸರ್ಕಾರ ಹಾಕಿದ ಗರಿಷ್ಠ ಮಿತಿಯೊಳಗೆ, ಕೃಷಿಕ ತನ್ನ ವಾಸಕ್ಕೆ ಮನೆ ಮಾಡಿಕೊಳ್ಳಬಹುದು. ಅದಕ್ಕೆ ಕನ್ವರ್ಷನ್ ಬೇಡ. ನಿಮ್ಮ 4 ಎಕರೆಗೆ ಶೇ 10 ಅಂದರೆ 40 ಸೆಂಟು. 600 ಚದರ ಅಡಿ ಒಂದೂವರೆ ಸೆಂಟೂ ಆಗುವುದಿಲ್ಲ. ಈಗಿರುವ ಮನೆಯನ್ನು ಸೇರಿಸಿದರೂ ನೀವು ಮಿತಿಯ ಹತ್ತಿರ ಬರುವುದಿಲ್ಲ. ಆದರೆ ಅದೇ ಕಡೆ ಇನ್ನೊಂದು ಮಾತಿದೆ, ಅದನ್ನು ಯಾರೂ ಓದುವುದಿಲ್ಲ: ಈ ಮನೆ ರೈತನ ಸ್ವಂತ ಬಳಕೆಗೆ ಮಾತ್ರ, ವಾಣಿಜ್ಯ ಚಟುವಟಿಕೆಗೆ ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ. ಮಗ ಸೊಸೆ ಇದ್ದರೆ ಸ್ವಂತ ಬಳಕೆ. ನಾಳೆ "ಹೋಂಸ್ಟೇ" ಅಂತ ಬೋರ್ಡು ತೂಗಿದರೆ ಅಲ್ಲ. ಬಾಡಿಗೆ ಸಂಸಾರ ಇಟ್ಟರೂ ಅದು ನಿಮ್ಮ ಸ್ವಂತ ಬಳಕೆ ಅಂತ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ.

ಹಾಗಂತ ಮಗನಿಗೆ ಮಾಡುವಾಗ ಪಂಚಾಯ್ತಿಗೆ ಹೋಗುವುದೇ ಬೇಡ ಅಂತಲ್ಲ. ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ ಪ್ರಕಾರ ಹೊಸ ಕಟ್ಟಡಕ್ಕೆ ಮಾತ್ರ ಅಲ್ಲ, ಇರುವ ಕಟ್ಟಡವನ್ನು ಬದಲಾಯಿಸಲಿಕ್ಕೂ ಗ್ರಾಮ ಪಂಚಾಯ್ತಿ ಅನುಮತಿ ಬೇಕು. ಬಾಯಿ ಮಾತಿನಲ್ಲಿ "ಮಾಡಿ ಮಾಡಿ" ಅಂದವರು ಎರಡು ವರ್ಷದಲ್ಲಿ ವರ್ಗ ಆಗಿ ಹೋಗುತ್ತಾರೆ, ಕಡತ ಮಾತ್ರ ಇಲ್ಲೇ ಇರುತ್ತದೆ. ನಕ್ಷೆ ಇಟ್ಟು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮ ಊರು ಯಾವುದಾದರೂ ಯೋಜನಾ ಪ್ರಾಧಿಕಾರದ ಗಡಿಯೊಳಗೆ ಬರುತ್ತದಾ ಅಂತಲೂ ಪಿಡಿಒ ಹತ್ತಿರ ಕೇಳಿ. ಬಂದರೆ ಪ್ರಾಧಿಕಾರದ ಒಪ್ಪಿಗೆಯೂ ಬೇಕು.

ಬಾಡಿಗೆಯೇ ಗುರಿ ಅಂತಾದರೆ ಈಗಲೇ ಕನ್ವರ್ಷನ್ ಮಾಡಿಸಿ. ಇಡೀ 4 ಎಕರೆಗಲ್ಲ, ಗೋಡೌನ್, ಅಂಗಳ, ದಾರಿ, ಶೌಚದ ಗುಂಡಿ ಎಲ್ಲ ಹಿಡಿಯುವಷ್ಟು ಜಾಗಕ್ಕೆ ಸಾಕು. ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಆದ್ದರಿಂದ 11ಇ ನಕ್ಷೆ, ಅಂದರೆ ಆ ಭಾಗವನ್ನಷ್ಟೇ ಅಳೆದು ತೋರಿಸುವ ಸರ್ವೆ ನಕ್ಷೆ ಬೇಕು. ಅದಕ್ಕೆ ಸರ್ವೆಯವರು ಬರಬೇಕು, ಮಳೆಗಾಲದಲ್ಲಿ ಅವರು ಬರುವುದು ನಿಮಗೇ ಗೊತ್ತು. ಪಹಣಿ, ಮ್ಯುಟೇಶನ್, ಅಫಿಡವಿಟ್ ಜೊತೆ ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಆದೇಶ ಜಿಲ್ಲಾಧಿಕಾರಿಯದು. ಆಮೇಲೆ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಫಾರಂ 9 ಮತ್ತು 11ಎ, ಅಂದರೆ ಆಸ್ತಿಯ ಖಾತೆ ಪತ್ರ ಮಾಡಿಸಿಕೊಳ್ಳಿ. ಬ್ಯಾಂಕಿನವರು ಗೃಹಸಾಲ ಅಂದ ಕೂಡಲೇ ಕೇಳುವುದು ಅದನ್ನೇ.

ಇಲ್ಲಿ ಜಮ್ಮದ ಸಿಕ್ಕು ಬರುತ್ತದೆ. ನಿಮ್ಮ ಪಹಣಿ ತೆಗೆದು ನೋಡಿ. ಪಟ್ಟೆದಾರರ ಹೆಸರು, ಅದರ ಕೆಳಗೆ ಒಕ್ಕದ, ಅಂದರೆ ಒಂದೇ ವಂಶದವರ, ಹತ್ತು ಹದಿನೈದು ಹೆಸರು ಇರಬಹುದು. ಅವರಲ್ಲಿ ಕೆಲವರು ಈಗಿಲ್ಲ, ಕೆಲವರು ಮೈಸೂರು, ಬೆಂಗಳೂರು, ಇನ್ನೆಲ್ಲೋ. ಮನೆಯೊಳಗೆ ಮಾತಿನ ಪಾಲು ಆಗಿ ಐವತ್ತು ವರ್ಷವಾಗಿರಬಹುದು, ಆದರೆ ಪಹಣಿಗೆ ಅದು ಗೊತ್ತಿಲ್ಲ. ಹೆಸರು ಇರುವವರ ಒಪ್ಪಿಗೆ ಇಲ್ಲದೆ ಕನ್ವರ್ಷನ್ ಅರ್ಜಿ ಮುಂದೆ ಹೋಗುವುದಿಲ್ಲ. ಬಾಣೆಗೆ ಕಂದಾಯ ನಿಗದಿ ಆಗಿದೆಯಾ ಅಂತಲೂ ತಾಲ್ಲೂಕು ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಬಾಣೆ ಅನ್ನುವುದು ಮೂಲದಲ್ಲಿ ಗದ್ದೆಗೆ ಸೇರಿದ ಜಾಗ. ಸೊಪ್ಪು, ಸೌದೆ, ದನ ಮೇಯಿಸಲು ಅಂತ ಬಿಟ್ಟದ್ದು, 1899ರ ಕೊಡಗಿನ ಭೂ ಕಂದಾಯ ರೆಗ್ಯುಲೇಶನ್ ಕಾಲದಿಂದಲೂ ಅದರ ಲೆಕ್ಕವೇ ಬೇರೆ. ಇದೊಂದು ಕೆಲಸಕ್ಕೆ ಕಟ್ಟಡದ ಖರ್ಚಿಗಿಂತ ಜಾಸ್ತಿ ತಾಳ್ಮೆ ಬೇಕು. ಹುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ (ಒಕ್ಕದ ಮೂಲ ಮನೆಗೆ) ಬರುತ್ತಾರಲ್ಲ, ಕಾಗದ ಪತ್ರ ರೆಡಿ ಮಾಡಿಟ್ಟುಕೊಂಡು ಆಗ ಸಹಿ ಹಾಕಿಸಿ. ಊಟಕ್ಕೆ ಮೊದಲು.

ಕಟ್ಟಡದ ಬಗ್ಗೆಯೂ ಎರಡು ಮಾತು. ಗೋಡೌನ್ ಕಾಫಿಗೆ ಚೆನ್ನಾಗಿದ್ದರೆ ಮನುಷ್ಯರಿಗೂ ಚೆನ್ನಾಗಿರುತ್ತದೆ ಅಂತಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಮನೆಯ ಒಂದು ವಾಸದ ಕೋಣೆಯಾದರೂ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಂದರೆ ಸುಮಾರು 102 ಚದರ ಅಡಿ. ಅದರ ಅಗಲ 2.4 ಮೀಟರ್‌ಗೆ ಕಡಿಮೆ ಇರಬಾರದು, ಎತ್ತರ 2.75 ಮೀಟರ್, ನಮ್ಮ ಲೆಕ್ಕದಲ್ಲಿ 9 ಅಡಿ. ನಿಮ್ಮ 600 ಅಡಿಯಲ್ಲಿ ಅಳತೆ ಕೂಡಿ ಬರುತ್ತದೆ. ಬೆಳಕು ಬರುವುದಿಲ್ಲ. ಹಳೆ ಗೋಡೌನಿಗೆ ಮಾಡಿನ ಹತ್ತಿರ ಎರಡು ಸಣ್ಣ ಗೂಡು ಬಿಟ್ಟರೆ ಕಿಟಕಿ ಇರುವುದಿಲ್ಲ, ಜುಲೈ ತಿಂಗಳಲ್ಲಿ ಒಳಗೆ ಬಟ್ಟೆ ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಕೊರೆಯುವ ಮೊದಲು ಗೋಡೆ ಕಲ್ಲಿನದಾ ಮಣ್ಣಿನದಾ ಅಂತ ನೋಡಿಸಿ. ಹೊಸ ಶೌಚಾಲಯದ ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಲಿ, ಇಳಿಜಾರಿನಲ್ಲಿ ಬಾವಿಗಿಂತ ಮೇಲೆ ಬೇಡವೇ ಬೇಡ.

ಇನ್ನು ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಕಣ ಮಾಡಲು ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಗೋಡೌನ್ ಇರುವುದೇ ಜಾಸ್ತಿ, ಅಂದರೆ ಬೆನ್ನಿಗೇ ಒಂದು ಬರೆ ಇರುತ್ತದೆ. ಅದು ಜಾರಿದರೆ ಕಾಫಿ ಮೂಟೆ ಹೋಗುತ್ತಿತ್ತು. ಇನ್ನು ಮುಂದೆ ಅಲ್ಲಿ ಮಲಗುವವರು ನಿಮ್ಮ ಮಕ್ಕಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು, ಮರುವರ್ಷ ತೋರದಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜಾಗ ಸಾಲದು ಅಂತ ಬರೆಯನ್ನು ಇನ್ನೂ ನಾಲ್ಕಡಿ ಜೆಸಿಬಿಯಲ್ಲಿ ಕೆರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಡುಗೆಮನೆ ಕಣದ ಕಡೆಗೆ ಬರಲಿ.

ಪ್ರಶ್ನೆ: ಮಡಿಕೇರಿ ಪೇಟೆಯಲ್ಲಿ ಸ್ವಂತ ಮನೆ. ಹಿಂದೆ ಕಾರ್ ಶೆಡ್ ಇದೆ, ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಶೆಡ್‌ಗೆ ಬಾತ್‌ರೂಮ್ ಸೇರಿಸಿ ಒಂದು ರೂಮಿನ ಮನೆ ಮಾಡಿ ಬಾಡಿಗೆಗೆ ಕೊಡಬಹುದಾ? ಜಾಗ ಹೇಗೂ ವಸತಿಯದ್ದೇ.

ಉತ್ತರ: ಇದೇ ಕೆಲಸ ಮಾಡಿ ನಾನೇ ಪೆಟ್ಟು ತಿಂದಿದ್ದೇನೆ, ಹೇಳುತ್ತೇನೆ ಕೇಳಿ. ಆಗ ನಾನಿನ್ನೂ ಪ್ಲಾನ್ ಬರೆಯುವ ಕೆಲಸ ಶುರು ಮಾಡಿ ಹೆಚ್ಚು ಕಾಲ ಆಗಿರಲಿಲ್ಲ, ಎಲ್ಲ ಗೊತ್ತು ಅನ್ನುವ ವಯಸ್ಸು. ನಮ್ಮ ಹಿತ್ತಿಲ ಶೆಡ್‌ಗೆ ಬಾಗಿಲು, ಕಿಟಕಿ, ಒಂದು ಸಣ್ಣ ಬಾತ್‌ರೂಮ್ ಮಾಡಿ ಒಬ್ಬ ವಿದ್ಯಾರ್ಥಿಯನ್ನು ಇಟ್ಟೆ. ಬಾತ್‌ರೂಮ್ ವೆಂಟಿಲೇಟರ್ ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ನೇರ ಎದುರು. ಎರಡು ತಿಂಗಳು ಆ ಮನೆಯ ಅಕ್ಕ ಸುಮ್ನೆ ಇದ್ದರು, ಮೂರನೇ ತಿಂಗಳು ದೂರು ಕೊಟ್ಟರು. ನೋಟಿಸ್ ಬಂತು. ಮಂಜೂರಾದ ನಕ್ಷೆ ತೆಗೆದರೆ ಆ ಜಾಗದಲ್ಲಿ "ಗ್ಯಾರೇಜ್" ಅಂತ ಬರೆದಿತ್ತು, ಬರೆದವನು ನಾನೇ! ಬಾತ್‌ರೂಮ್ ಒಡೆಸಿ, ಹುಡುಗನಿಗೆ ಅಡ್ವಾನ್ಸ್ ವಾಪಸ್ ಕೊಟ್ಟೆ.

ತಪ್ಪಿದ್ದು ಎಲ್ಲಿ ಅಂದರೆ ಸೆಟ್‌ಬ್ಯಾಕ್. ಮನೆ ಸುತ್ತ ಇಷ್ಟು ಜಾಗ ಬಿಡಬೇಕು ಅನ್ನುತ್ತದಲ್ಲ ವಲಯ ನಿಯಮ, ಆ ಬಿಟ್ಟ ಜಾಗದ ಹಿಂದಿನ ಮೂಲೆಯಲ್ಲಿ ವಾಹನ ನಿಲ್ಲಿಸುವ ಶೆಡ್‌ಗೆ ಮಾತ್ರ ಸಡಿಲಿಕೆ ಕೊಡುತ್ತಾರೆ. ವಾಸದ ಕೋಣೆಗೆ ಇಲ್ಲ. ನಿಮ್ಮ ಶೆಡ್ ಆ ಬಿಟ್ಟ ಜಾಗದಲ್ಲೇ ಇದ್ದರೆ ಯೋಚನೆ ಬಿಡಿ. ಹೊರಗಿದ್ದರೆ ಮುಂದೆ ಓದಿ.

ವಸತಿ ವಲಯದಲ್ಲೇ ಇದ್ದೀರಿ, ಹಾಗಾಗಿ ಭೂ ಬಳಕೆ ಬದಲಾವಣೆಯ ದೊಡ್ಡ ತಲೆನೋವು ಇಲ್ಲ. ಆದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿ ಕಟ್ಟಡದ ಬಳಕೆಯನ್ನು ಗಣನೀಯವಾಗಿ ಬದಲಾಯಿಸುವುದೂ "ಅಭಿವೃದ್ಧಿ"ಯೇ. ಅದಕ್ಕೆ 15ನೇ ಕಲಂ ಅಡಿ ಯೋಜನಾ ಪ್ರಾಧಿಕಾರದ ಅನುಮತಿ ಬೇಕು, ನಿಮಗೆ ಅದು ಮೂಡಾ, ಅಂದರೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರ. ಕಟ್ಟಡದ ಕೆಲಸಕ್ಕೆ ಪುರಸಭೆಗಳ ಕಾಯ್ದೆ 1964ರ 187ನೇ ಕಲಂ ಅಡಿ ನಗರಸಭೆಗೆ ಅರ್ಜಿ. ಎರಡನೇ ಮನೆಗೆ ಪಾರ್ಕಿಂಗ್ ಎಲ್ಲಿ ಅಂತ ಕೇಳುತ್ತಾರೆ. ಇದ್ದ ಪಾರ್ಕಿಂಗನ್ನೇ ನೀವು ಮನೆ ಮಾಡುತ್ತಿರುವುದರಿಂದ ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಿ. ಮತ್ತೆ ಕೆಲಸ ಶುರು ಮಾಡುವ ಮುಂಚೆ ಪಕ್ಕದ ಮನೆಯವರಿಗೆ ನಕ್ಷೆ ತೋರಿಸಿ. ಕಾನೂನು ಹಾಗೆ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ಪ್ರಶ್ನೆ: ಸುಂಟಿಕೊಪ್ಪ ಹತ್ತಿರ ನಮ್ಮ ತೋಟದ ಹಳೆ ಲೈನ್ ಮನೆಯ ನಾಲ್ಕು ಕೋಣೆ ಸೇರಿಸಿ ಮೂರು ವರ್ಷದ ಹಿಂದೆಯೇ ಎರಡು ಮನೆ ಮಾಡಿದ್ದೇವೆ. ಅನುಮತಿ ತೆಗೆದಿಲ್ಲ. ಈಗ ಬೇರೆ ಮೀಟರ್ ಕೊಡುತ್ತಿಲ್ಲ. ಅಕ್ರಮ-ಸಕ್ರಮ ಬಂದಾಗ ಸರಿಯಾಗುತ್ತದೆ ಅಲ್ವಾ?

ಉತ್ತರ: ಅದನ್ನು ನಂಬಿ ಕೂರಬೇಡಿ. ಕಟ್ಟಡಗಳ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಅದೂ ಅಲ್ಲದೆ ಆ ಯೋಜನೆ ಹುಟ್ಟಿದ್ದೇ ನಗರದ ಕಟ್ಟಡಗಳಿಗಾಗಿ, ತೋಟದ ಲೈನ್ ಮನೆಗೆ ಅಲ್ಲ. ಮೀಟರ್ ವಿಷಯದಲ್ಲಿ ವಿದ್ಯುತ್ ಕಂಪನಿ ಚೆಸ್ಕಾಂನವರ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ. ಕಟ್ಟಡದ ಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಬಿಗಿ ಜಾಸ್ತಿಯಾಗಿದೆ. ಅಷ್ಟು ಜಾಗಕ್ಕೆ ಕನ್ವರ್ಷನ್‌ಗೆ ಅರ್ಜಿ ಹಾಕಿ. ಅನುಮತಿ ಇಲ್ಲದೆ ಬಳಸಿದ್ದಕ್ಕೆ 96ನೇ ಕಲಂ ಅಡಿ ದಂಡ ಹಾಕಿದರೆ ಕಟ್ಟಿ, ಪಂಚಾಯ್ತಿಯಲ್ಲಿ ನಕ್ಷೆ ಮಂಜೂರು ಮಾಡಿಸಿ. ಆ ಕೋಣೆಗಳಲ್ಲಿ ಇದ್ದ ಕೆಲಸದವರು ಈಗ ಎಲ್ಲಿದ್ದಾರೆ ಅಂತ ನೀವು ಬರೆದಿಲ್ಲ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಕಾಲದಿಂದಲೂ ದೊಡ್ಡ ತೋಟದ ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆ. ಕೆಲಸದವರನ್ನು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರೆ ನಿಮ್ಮ ಸಮಸ್ಯೆ ಮೀಟರ್‌ಗಿಂತ ದೊಡ್ಡದು.

ಪ್ರಶ್ನೆ: ಸೋಮವಾರಪೇಟೆ ಕಡೆಯವರು. ನಮ್ಮ ಗ್ರಾಮ ಕಸ್ತೂರಿರಂಗನ್ ವರದಿಯ (ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ) ಪಟ್ಟಿಯಲ್ಲಿದೆ. ಇನ್ನು ಕೊಟ್ಟಿಗೆಯನ್ನೂ ಮನೆ ಮಾಡುವ ಹಾಗಿಲ್ಲ ಅನ್ನುತ್ತಾರೆ, ಹೌದಾ?

ಉತ್ತರ: ಇಲ್ಲ. ಆ ವರದಿ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ಕಟ್ಟಡದ ಮಟ್ಟಿಗೆ ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳನ್ನು. ಅಂದರೆ 2 ಲಕ್ಷ 15 ಸಾವಿರ ಚದರ ಅಡಿ. ನಿಮ್ಮ ಕೊಟ್ಟಿಗೆ ಅಷ್ಟು ದೊಡ್ಡದಿದ್ದರೆ ದಯವಿಟ್ಟು ಒಂದು ಫೋಟೋ ಕಳಿಸಿ. ಅಭಯಾರಣ್ಯದ ಅಂಚಿನಲ್ಲಿದ್ದರೆ ಮಾತ್ರ ಅರಣ್ಯ ಇಲಾಖೆಯಲ್ಲಿ ಬೇರೆಯಾಗಿ ಕೇಳಿಕೊಳ್ಳಿ, ಅದರ ಸುತ್ತಲಿನ ಸೂಕ್ಷ್ಮ ವಲಯದ ನಿಯಮ ಬೇರೆ. ಉಳಿದ ಹಾಗೆ ಮೇಲೆ ನಾಪೋಕ್ಲಿನವರಿಗೆ ಹೇಳಿದ್ದೇ ನಿಮಗೂ.

ಪ್ರಶ್ನೆ: ಸಿದ್ದಾಪುರದಿಂದ. ಕನ್ವರ್ಷನ್, ಪಂಚಾಯ್ತಿ ಅನುಮತಿ ಎಲ್ಲ ಆಗಿದೆ ಸರ್. ಗೊಬ್ಬರ, ಮೈಲುತುತ್ತ, ಔಷಧಿ ಇಡುತ್ತಿದ್ದ ಕೋಣೆಯನ್ನು ಬೆಡ್‌ರೂಮ್ ಮಾಡಿ ಎರಡು ಸಲ ಪೇಂಟ್ ಹೊಡೆದರೂ ವಾಸನೆ ಹೋಗುತ್ತಿಲ್ಲ. ಏನು ಮಾಡುವುದು?

ಉತ್ತರ: ಪೇಂಟ್ ಹೊಡೆಯಬಾರದಿತ್ತು. ಔಷಧಿ ಚೆಲ್ಲಿದ್ದು ನೆಲ ಮತ್ತು ಗಾರೆಯೊಳಗೆ ಇಳಿದಿರುತ್ತದೆ, ಮೇಲೆ ಬಣ್ಣ ಬಳಿದರೆ ಅದು ಒಳಗೇ ಉಳಿಯುತ್ತದೆ. ಗೋಡೆಯ ಗಾರೆಯನ್ನು ನೆಲದಿಂದ ಮೂರು ನಾಲ್ಕು ಅಡಿವರೆಗೆ ಕೆತ್ತಿಸಿ, ನೆಲ ಅಗೆಸಿ ಹೊಸದಾಗಿ ಹಾಕಿಸಿ. ಮೊದಲು ಒಂದು ಬೇಸಿಗೆ ಪೂರ್ತಿ ಬಾಗಿಲು ಕಿಟಕಿ ತೆರೆದು ಬಿಡಿ. ಅಲ್ಲಿಯವರೆಗೆ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ಅಗೆದ ಮಣ್ಣು, ಗಾರೆ ತೋಡಿಗೆ ಹಾಕಬೇಡಿ, ಮೈಲುತುತ್ತದ ನೀರಿಗೆ ಮೀನು ಉಳಿಯುವುದಿಲ್ಲ. ಬಾವಿಯ ಕಡೆಗಂತೂ ಬೇಡ.