ಮನುವೋ ಮಿಂಡೋವೋ: ತಂದೆಯವರ ಜೊತೆ ಹೋಗುವುದಾದರೆ

ನಮಸ್ಕಾರ. ಹತ್ತು ದಿನದ ರಜೆ, ಎಪ್ಪತ್ತು ದಾಟಿದ ತಂದೆ ಜೊತೆಗೆ. ಹಕ್ಕಿ ನೋಡಲು ದಕ್ಷಿಣ ಅಮೆರಿಕದ ಪೆರುವಿನ ಮನು ಕಾಡು ಒಳ್ಳೆಯದೋ, ಈಕ್ವೆಡಾರಿನ ಕಾಡಿನ ಊರು ಮಿಂಡೋ ಒಳ್ಳೆಯದೋ ಅಂತ ಕೇಳಿದ್ದೀರಿ. ನನ್ನ ಓಟು ಮಿಂಡೋಗೆ.

ಮನುವಿಗೆ ಸಾಮಾನ್ಯವಾಗಿ ಹೊರಡುವುದು ಕುಸ್ಕೋದಿಂದ. ಆ ಊರೇ 3,400 ಮೀಟರ್ ಎತ್ತರದಲ್ಲಿದೆ, ವಯಸ್ಸಾದವರಿಗೆ ಏದುಸಿರು ಬರಬಹುದು. ಆಮೇಲೆ ಘಾಟಿ ರಸ್ತೆ, ದೋಣಿ. ಮಕಾವ್ ಗಿಳಿಗಳು ಹಿಂಡಾಗಿ ನದಿದಂಡೆಯ ಮಣ್ಣು ತಿನ್ನುವುದನ್ನು ನೋಡಲೇಬೇಕು ಅಂತಿದ್ದರೆ ಮಾತ್ರ ಅಷ್ಟು ಕಷ್ಟಪಡಿ.

ಮಿಂಡೋ ಈಕ್ವೆಡಾರಿನ ರಾಜಧಾನಿ ಕೀಟೋದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಎತ್ತರವೂ ಕಡಿಮೆ. ಲಾಡ್ಜ್‌ಗಳಲ್ಲಿ ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆ ನೀರು ಇಟ್ಟಿರುತ್ತಾರೆ, ಅಪ್ಪ ಕುರ್ಚಿಯಲ್ಲಿ ಕೂತೇ ನೋಡಬಹುದು. ಹತ್ತಿರದಲ್ಲೇ ಆಂಜೆಲ್ ಪಾಸ್ ಎಂಬ ರೈತರ ಕಾಡಿದೆ, ತಪ್ಪಿಸಬೇಡಿ. ನೆಲದಲ್ಲಿ ಓಡಾಡುವ, ಮಹಾ ನಾಚಿಕೆಯ ಜೈಂಟ್ ಆಂಟ್‌ಪಿಟ್ಟಾ ಹಕ್ಕಿಗೆ ಎರೆಹುಳು ಕೊಟ್ಟು, 'ಮರಿಯಾ' ಅಂತ ಹೆಸರು ಹಿಡಿದು ಕರೆದು ಪೊದೆಯಿಂದ ಹೊರಗೆ ಬರಿಸಿದವರು ಅವರು. ಹೀಗೆ ತಿನ್ನಿಸಿ ತೋರಿಸುವುದಕ್ಕೆ ಮೂಗು ಮುರಿಯುವವರೂ ಇದ್ದಾರೆ. ಆದರೆ ಆ ದುಡ್ಡಿನಿಂದಲೇ ಕಾಡು ಉಳಿದಿದೆ ಅಲ್ವಾ? ಅಲ್ಲಿ ಕೆಂಪು ಕಾಕ್-ಆಫ್-ದ-ರಾಕ್ ಹಕ್ಕಿಯ ಗಂಡುಗಳ ಕುಣಿತ ನೋಡಲು ಬೆಳಕು ಹರಿಯುವ ಮುಂಚೆ ಹೋಗಬೇಕು. ದಾರಿ ಜಾರುತ್ತದೆ, ಅಪ್ಪನಿಗೆ ಊರುಗೋಲು ಇರಲಿ.

ಇನ್ನೊಂದು ಮಾತು. ಎರಡೂ ದೇಶಗಳಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲಿ ಹಳದಿ ಜ್ವರದ ಲಸಿಕೆಯ ಕಾರ್ಡ್ ಕೇಳುತ್ತಾರೆ. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಬೇಕು. ಅರವತ್ತು ದಾಟಿದವರಿಗೆ ಅದರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮೊದಲೇ ಡಾಕ್ಟರನ್ನು ಕೇಳಿ.