ಐದು ತಿಂಗಳ ಮುಧೋಳ ನಾಯಿಮರಿಗೆ ರೊಟ್ಟಿ-ಹಾಲು ಸಾಕಾ, ಪ್ಯಾಕೆಟ್ ಆಹಾರ ಬೇಕಾ? ಟ್ರೀಟ್ ಏನು ಕೊಡಬಹುದು?

ನೀವು ಕೇಳಿರುವುದು ಮೂರು ವಿಷಯ. ಮರಿಗೆ ಮನೆ ಊಟ ಸಾಕಾ, ಟ್ರೀಟ್ ಅಂತ ಏನು ಕೊಡಬಹುದು, ಮತ್ತೆ ಓಣಿಯವರೆಲ್ಲ "ಪಕ್ಕೆಲುಬು ಕಾಣ್ತಾವಲ್ರೀ, ಊಟ ಹಾಕೂದಿಲ್ಲೇನು?" ಅಂತಾರಲ್ಲ, ಅದಕ್ಕೆ ಏನು ಮಾಡೋದು ಅಂತ. ನಾನು ವಿಜಯಪುರದವನು, ನಮ್ಮ ಮನೆಯಲ್ಲೂ ಇರುವುದು ಮುಧೋಳವೇ. ಡಾಕ್ಟರ್ ಅಲ್ಲ, ಸಾಕಿ ಗೊತ್ತಿರುವವನು, ಅಷ್ಟೇ.

ಓಣಿಯವರ ಮಾತು ಮೊದಲು ಬದಿಗಿಡಿ. ಮುಧೋಳ ಓಡಿ ಬೇಟೆಯಾಡುವ ತಳಿ. ಸೊಂಟ ಒಳಗೆ ಹೋಗಿರಬೇಕು, ಹಿಂದಿನ ಒಂದೆರಡು ಪಕ್ಕೆಲುಬು ತುಸು ಕಾಣಲೇಬೇಕು. ಲ್ಯಾಬ್ರಡಾರ್ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಉಪವಾಸ ಬಿದ್ದ ಹಾಗೆ ಕಾಣುತ್ತದೆ. ಕಣ್ಣಿಗಿಂತ ಕೈ ನಂಬಿ. ಎರಡೂ ಬದಿ ಅಂಗೈ ಇಟ್ಟು ಹಗುರಾಗಿ ಸವರಿ. ಎಲುಬು ಸುಲಭವಾಗಿ ಬೆರಳಿಗೆ ಸಿಕ್ಕರೆ ಸರಿ ಇದೆ. ಒತ್ತಿ ಹುಡುಕಬೇಕಾದರೆ ಮೈ ಜಾಸ್ತಿ ಬಂದಿದೆ. ಬೆನ್ನಹುರಿಯ ಎಲುಬೆಲ್ಲ ಚೂಪಾಗಿ ಎದ್ದು ಕಂಡರೆ, ಕೂದಲು ಮಂಕಾಗಿದ್ದರೆ ಆಗ ಜಂತಿನ ಔಷಧಿ, ಊಟ ಎರಡರ ಬಗ್ಗೆಯೂ ಯೋಚನೆ ಮಾಡಿ. ನೀವು ಮುಧೋಳದ ಕಡೆಯವರೇ ಆದರೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಈ ತಳಿಯನ್ನೇ ಸಾಕುವವರು ಅವರು, ಮೈಕಟ್ಟು ನೋಡಿದ ಕೂಡಲೇ ಹೇಳುತ್ತಾರೆ.

ಇನ್ನು ರೊಟ್ಟಿ-ಹಾಲು. ನಾಯಿಗೆ ಧಾನ್ಯ ಆಗಿ ಬರೋದಿಲ್ಲ ಅನ್ನೋದು ಸುಳ್ಳು. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ಜಾಸ್ತಿ ಅಂತ 2013ರಲ್ಲಿ ಸ್ವೀಡನ್ ಸಂಶೋಧಕರು ಜೀನ್ ಮಟ್ಟದಲ್ಲೇ ತೋರಿಸಿದ್ದಾರೆ. ಮುಧೋಳಗಳೂ ನಮ್ಮ ಜೋಳ ತಿಂದೇ ಬೆಳೆದವು. ಆದರೆ ರೊಟ್ಟಿ-ಹಾಲು ಅಷ್ಟೇ ಆದರೆ ಬೆಳೆಯುವ ಮರಿಗೆ ಸಾಲದು. ಪ್ರೋಟೀನ್ ಕಮ್ಮಿ, ಕ್ಯಾಲ್ಸಿಯಂ ಮತ್ತು ರಂಜಕದ ಲೆಕ್ಕವೂ ಕೂಡುವುದಿಲ್ಲ. ಬರೀ ಅನ್ನ-ಚಿಕನ್ ಹಾಕುವವರಿಗೂ ಇದೇ ತೊಂದರೆ, ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮರಿಯ ಕಾಲು ಸೊಟ್ಟಗಾಗುವುದು ಹೀಗೆ.

ಹಾಗಾಗಿ ನನ್ನ ಅಭಿಪ್ರಾಯ: ಒಂದು ವರ್ಷ ತುಂಬುವವರೆಗೆ ಒಳ್ಳೆಯ ಪಪ್ಪಿ ಫುಡ್ಡೇ ಮುಖ್ಯ ಊಟ ಆಗಲಿ. ಅದರ ಜೊತೆ ಅಂಗಡಿಯವನು ಕ್ಯಾಲ್ಸಿಯಂ ಸಿರಪ್ ಕೈಗಿಟ್ಟರೆ ಬೇಡ ಅನ್ನಿ. ಪೂರ್ಣ ಆಹಾರದ ಮೇಲೆ ಮತ್ತೆ ಕ್ಯಾಲ್ಸಿಯಂ ಸುರಿದರೆ ಎಲುಬಿಗೆ ಕೇಡೇ. ವರ್ಷದ ಮೇಲೆ ಅರ್ಧ ಪ್ಯಾಕೆಟ್, ಅರ್ಧ ಮನೆಯದು ಮಾಡಬಹುದು: ರೊಟ್ಟಿ ಅಥವಾ ನುಚ್ಚು, ಬೇಯಿಸಿದ ತತ್ತಿ ಇಲ್ಲವೇ ಚಿಕನ್, ಸ್ವಲ್ಪ ಗಜ್ಜರಿ, ಕುಂಬಳಕಾಯಿ. ನಮ್ಮದು ತತ್ತಿ ಒಳಗೆ ಬಿಡದ ಮನೆ. ಅಂಗಳದಲ್ಲಿ ಒಂದು ಸಣ್ಣ ಸ್ಟೋವ್, ಒಂದು ಬೇರೆ ಪಾತ್ರೆ, ಅಲ್ಲಿಗೆ ಜಗಳ ಮುಗಿಯಿತು. ಹಾಲು ಕುಡಿದು ಭೇದಿಯಾದರೆ ಮೊಸರು ಅಥವಾ ನೀರು ಮಜ್ಜಿಗೆ ಹಾಕಿ. ಒಗ್ಗರಣೆ, ಉಪ್ಪು ಇಲ್ಲದ್ದು.

ಪ್ಯಾಕೆಟ್ ತರುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. "ಕಂಪ್ಲೀಟ್" ಅಂತ ಬರೆದಿರಬೇಕು, ಯಾವ ವಯಸ್ಸಿಗೆ ಅಂತ ಇರಬೇಕು. ಮರಿಯ ಒಣ ಆಹಾರದಲ್ಲಿ ಪ್ರೋಟೀನ್ ಶೇ. 22ಕ್ಕಿಂತ ಮೇಲಿರಲಿ. ಪದಾರ್ಥಗಳನ್ನು ತೂಕದ ಲೆಕ್ಕದಲ್ಲೇ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಕೆಂಪು, ಹಸಿರು ಬಣ್ಣದ ಬಿಸ್ಕತ್ತು ನಿಮ್ಮನ್ನು ಮರುಳು ಮಾಡಲಿಕ್ಕೆ, ನಾಯಿಗೆ ಕೆಂಪು-ಹಸಿರಿನ ವ್ಯತ್ಯಾಸವೇ ಗೊತ್ತಾಗುವುದಿಲ್ಲ! "ಗ್ರೇನ್ ಫ್ರೀ" ಅಂತ ಎರಡು ಪಟ್ಟು ರೇಟು ಹಾಕಿದ್ದೂ ಬೇಡ. ಧಾನ್ಯದ ಬದಲು ಬಟಾಣಿ, ಬೇಳೆ ತುಂಬಿದ ಅಂಥ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆಗೇ ಇಳಿದಿತ್ತು. ಸಾಬೀತಾಗಿಲ್ಲ, ಆದರೂ ಜಾಸ್ತಿ ದುಡ್ಡು ಕೊಟ್ಟು ಆ ಅನುಮಾನ ಯಾಕೆ ತರಬೇಕು? ಮತ್ತೆ ಚೀಲ ಬಿಚ್ಚಿಟ್ಟು ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುವುದನ್ನು ತರಲೇಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದರಲ್ಲಿರುವ ಕೊಬ್ಬು ಕೆಡಲು ಎಷ್ಟು ದಿನ ಬೇಕು? ಮೂಸಿ ನೋಡಿದರೆ ಕಮಟು ವಾಸನೆ ಬರುತ್ತದೆ.

ಈಗ ಟ್ರೀಟ್. ನಮ್ಮ ಕಡೆ ನಾಯಿ ಹಾಳಾಗುವುದು ಊಟದಿಂದಲ್ಲ, ಊಟದ ನಡುವೆ ಎಲ್ಲರೂ ಕೊಡುವ ತುತ್ತಿನಿಂದ. ದಿನದ ಕ್ಯಾಲೊರಿಯಲ್ಲಿ ಟ್ರೀಟಿನ ಪಾಲು ಶೇ. 10 ದಾಟಬಾರದು ಅನ್ನುವುದು ಲೆಕ್ಕ. ಬೆಳೆದ 20 ಕಿಲೋದ ನಾಯಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು ಅಂದುಕೊಳ್ಳಿ, ಅಂದರೆ ಟ್ರೀಟಿಗೆ 100. ಒಂದು ಗ್ಲೂಕೋಸ್ ಬಿಸ್ಕತ್ತೇ 20ರ ಮೇಲಿರುತ್ತದೆ. ಅಜ್ಜನ ಚಹಾದ ಜೊತೆ ಎರಡು, ಮಕ್ಕಳು ಸಾಲಿಯಿಂದ ಬಂದಾಗ ಎರಡು, ಕೋಟಾ ಮುಗಿಯಿತು. ನಿಮ್ಮ ಮರಿಗೆ ಅಷ್ಟೂ ಇಲ್ಲ. ನಾವು ಬಾಗಿಲ ಪಕ್ಕ ಮೊಳೆಗೆ ಒಂದು ಸ್ಟೀಲ್ ಡಬ್ಬಿ ತೂಗು ಹಾಕಿದ್ದೇವೆ. ಬೆಳಗಿನ ಊಟದಿಂದಲೇ ಒಂದು ಮುಷ್ಟಿ ತೆಗೆದು ಅದಕ್ಕೆ ಹಾಕುತ್ತೇವೆ. ಯಾರೇ ಬಂದರೂ, ಬೀಗರಾದರೂ, ಕೊಡುವುದಿದ್ದರೆ ಆ ಡಬ್ಬಿಯಿಂದ. ಖಾಲಿಯಾದರೆ ಅವತ್ತಿಗೆ ಅಷ್ಟೇ. ಅವ್ವ ಮಾತ್ರ ಇನ್ನೂ ಸೆರಗಿನ ಮರೆಯಲ್ಲಿ ರೊಟ್ಟಿ ಚೂರು ದಾಟಿಸುತ್ತಾಳೆ.

ಮನೆಯಲ್ಲೇ ಸಿಗುವ ಒಳ್ಳೆಯ ಟ್ರೀಟ್ ಬೇಕಾದರೆ ಚುರುಮುರಿ. ಉಪ್ಪು, ಒಗ್ಗರಣೆ ಇಲ್ಲದ ಸಾದಾ ಚುರುಮುರಿ. "ಕೂಡು", "ಬಾ" ಅಂತ ಕಲಿಸುವಾಗ ಒಂದೊಂದೇ ಕಾಳು ಕೊಟ್ಟರೂ ನಾಯಿ ಖುಷಿ, ಹೊಟ್ಟೆಗೆ ಭಾರವಿಲ್ಲ. ಗಜ್ಜರಿ, ಸೌತಿಕಾಯಿ, ಬೇಯಿಸಿದ ಗೆಣಸಿನ ತುಂಡು, ಬೇಸಿಗೆಯಲ್ಲಿ ಬೀಜ ತೆಗೆದ ಕಲ್ಲಂಗಡಿ ಕೂಡ ನಡೆಯುತ್ತವೆ. ಅಗಿಯುವ ಕೋಲು ತಂದರೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ತುಸುವಾದರೂ ತಗ್ಗಬೇಕು, ಇಲ್ಲದಿದ್ದರೆ ಹಲ್ಲು ಮುರಿಯುತ್ತದೆ. ಬೇಯಿಸಿದ ಎಲುಬು ಬೇಡವೇ ಬೇಡ, ಅದು ಚೂಪಾಗಿ ಸಿಗಿಯುತ್ತದೆ.

ಒಂದು ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ, ನಮ್ಮ ಕಡೆಯವರಾದರೆ ಕೇಳಲೇಬೇಕು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ. ಇಲ್ಲಿ ವಿಜಯಪುರದಲ್ಲಿ ಸೀಸನ್ನಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಮನೆ ಮನೆಯಲ್ಲಿ ಹರಡಿರುತ್ತದೆ, ಶೆಡ್ಡಿನ ಕೆಳಗೆ ಉದುರಿರುತ್ತದೆ. "ಇಷ್ಟೇ ತಿಂದರೆ ಪರವಾಗಿಲ್ಲ" ಅನ್ನುವ ಅಳತೆ ಇದಕ್ಕೆ ಇಲ್ಲ. ಒಂದು ನಾಯಿ ಮುಷ್ಟಿ ತಿಂದರೂ ಅರಗಿಸಿಕೊಳ್ಳುತ್ತದೆ, ಇನ್ನೊಂದಕ್ಕೆ ಕೆಲವೇ ಕಾಳಿಗೆ ಒಂದೆರಡು ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ತಜ್ಞರು ಹೇಳಿದರು. ಹುಣಸೆಯಲ್ಲೂ ಅದೇ ಆಮ್ಲ. ಹಾಗಾಗಿ ಮಕ್ಕಳ ಚಿಗಳಿ, ಹುಳಿ ಸಾರು ಕಲಸಿದ ಅನ್ನ ದೂರವಿಡಿ. ಸಿರಾ, ಪಾಯಸ, ಕರದಂಟು ಕೊಡುವ ಮೊದಲೂ ಒಣದ್ರಾಕ್ಷಿ ನೆನಪಿರಲಿ. ತಿಂದದ್ದು ಗೊತ್ತಾದರೆ ವಾಂತಿಯಾಗಲಿ ನೋಡೋಣ ಅಂತ ಕಾಯಬೇಡಿ, ಉಪ್ಪು ನೀರು ಕುಡಿಸಬೇಡಿ, ಸೀದಾ ಪಶು ಆಸ್ಪತ್ರೆಗೆ ಓಡಿ. ತಿಂದ ಎರಡು ಗಂಟೆಯೊಳಗೆ ಹೋದರೆ ಡಾಕ್ಟರ್ ವಾಂತಿ ಮಾಡಿಸಿ ಹೊರಗೆ ತೆಗೆಸಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಾಗಲಿ, ಬೇಯಿಸಿದ್ದಾಗಲಿ ಕೆಂಪು ರಕ್ತಕಣ ಒಡೆಯುತ್ತವೆ. ಅಂದರೆ ನಮ್ಮ ಪಲ್ಯ, ಶೇಂಗಾ ಚಟ್ನಿ ಯಾವುದೂ ಅದಕ್ಕಲ್ಲ. ಚಾಕೊಲೇಟ್ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಅದಕ್ಕಿಂತ ಕೆಟ್ಟದ್ದು. ಹಬ್ಬದ ಮರುದಿನ ಉಳಿದ ಕರಿಗಡಬು, ಎಣ್ಣೆ ಹೋಳಿಗೆ ಸುರಿದರೆ ಮೇದೋಜೀರಕಕ್ಕೆ ಉರಿಯೂತ ಬರಬಹುದು. ಖಡಕ್ ರೊಟ್ಟಿ ಹಳೆಯದಾದರೂ ನಡೆಯುತ್ತದೆ, ಬೂಷ್ಟು ಹಿಡಿದದ್ದು ನಡೆಯುವುದಿಲ್ಲ. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ನಾಯಿಯ ಲಿವರ್ ಕೆಡಿಸುತ್ತದೆ. "ಹ್ಯಾಂಗೂ ಚೆಲ್ಲೂದ, ನಾಯಿಗೆ ಹಾಕು" ಅನ್ನುವ ರೂಢಿಯನ್ನು ಇಲ್ಲಿ ಮಾತ್ರ ಬಿಡಿ.

ಈಗ ಹಾಕುತ್ತಿರುವುದನ್ನು ನಾಳೆಯೇ ನಿಲ್ಲಿಸಬೇಡಿ. ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತ ಒಂದು ವಾರದಲ್ಲಿ ಬದಲಾಯಿಸಿ. ಮರಿಯ ತೂಕ ಎಷ್ಟು, ತಂದಿರುವ ಪ್ಯಾಕೆಟ್ಟಿನ ಹಿಂದೆ ಏನು ಬರೆದಿದೆ ಅಂತ ತಿಳಿಸಿ, ಹೊತ್ತಿಗೆ ಎಷ್ಟು ಹಾಕಬೇಕು ಅಂತ ಲೆಕ್ಕ ಹಾಕೋಣ.